ಎರಡನೇ ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು?

ಫುಟ್‌ಬಾಲ್ ನೋಡುವ ಅಮೆರಿಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಭಾನುವಾರದ ಗೆಳೆಯರೇ,

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾಡಗೀತೆ ಮುಗಿದು ಬಿಸಿಬೇಳೆಬಾತಿಗೆ ಸಾಲು ಹಚ್ಚುವಷ್ಟರಲ್ಲಿ ಫೋನ್ ಹೊರತೆಗೆದು ಸ್ಕೋರ್ ನೋಡುವವರು ನೀವು. ಒಂದೇ ಕನ್ನಡ ಸಂಘದೊಳಗೆ ಈಗಲ್ಸ್, ಕೌಬಾಯ್ಸ್, ಸ್ಟೀಲರ್ಸ್ ಎಂದು ಮೂರು ಪಂಗಡ ಮಾಡಿಕೊಂಡವರು. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಬರುತ್ತಾ ದಾರಿಯಲ್ಲೇ ಸ್ಟೀಲರ್ಸ್ ಭಕ್ತರಾಗಿಬಿಟ್ಟವರೂ ನಿಮ್ಮಲ್ಲಿದ್ದಾರೆ, ಅವರನ್ನು ದೇವರು ಕ್ಷಮಿಸಲಿ. ನಮ್ಮ ನಡುವೆ ವರ್ಷಕ್ಕೊಮ್ಮೆಯಾದರೂ ಏಳುವ ಒಂದು ಜಗಳದ ಬಗ್ಗೆ ಈ ಪತ್ರ. ಆಟ ಅದ್ಭುತವಾಗಿ ಬರುವ, ಆದರೆ ಬದುಕು ಹಳಿ ತಪ್ಪಿದ ಕ್ವಾರ್ಟರ್‌ಬ್ಯಾಕ್ ಒಬ್ಬ ಕೆಲಸವಿಲ್ಲದೆ ಕೂತಿದ್ದಾನೆ. ಅವನನ್ನು ನಮ್ಮ ತಂಡ ಬ್ಯಾಕಪ್ ಆಗಿ ಕರೆದುಕೊಳ್ಳಬೇಕೇ, ಬೇಡವೇ?

ಹೆಸರು ವರ್ಷ ವರ್ಷ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ‘ಬೆಂಚಿನ ಮೇಲೆ ತಾನೇ ಕೂರೋದು, ನಮಗೇನು ನಷ್ಟ?’ ಎನ್ನುವವರು ಒಂದು ಸೋಫಾದಲ್ಲಿ. ‘ಅಂಥವನು ನಮ್ಮ ಜೆರ್ಸಿ ಹಾಕ್ಕೊಂಡರೆ ನಾನು ಟೀವಿನೇ ಹಾಕಲ್ಲ’ ಎನ್ನುವವರು ಇನ್ನೊಂದು ಸೋಫಾದಲ್ಲಿ. ನನಗೆ ಎರಡೂ ಕಡೆಯವರ ಮೇಲೆ ತಕರಾರಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನ್ನ ಉದ್ದೇಶವಲ್ಲ, ಆದ್ದರಿಂದ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ. ಅಂಥವರಲ್ಲಿ ಕೆಲವರನ್ನು ಕರೆದುಕೊಳ್ಳಬಹುದು. ಆದರೆ ಹಾಗೆ ಕರೆದುಕೊಳ್ಳುವಾಗ ಪ್ರತಿಭೆಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ನಾವೋ ಮೊದಲು ನೋಡುವುದೇ ಅದನ್ನು.

‘ಬೆಂಚಿನ ಮೇಲೆ ತಾನೇ’ ಎಂಬ ಮಾತನ್ನೇ ಮೊದಲು ಹಿಡಿಯೋಣ. ಕ್ರಿಕೆಟ್ ನೋಡಿ ಬೆಳೆದ ನಮಗೆ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಎಂದರೆ ನೀರು ತರುವ ಹನ್ನೆರಡನೆಯವನ ಹಾಗೆ ಕಾಣುತ್ತಾನೆ. ಅವನು ನಿಜಕ್ಕೂ ಪ್ರವಾಸಕ್ಕೆ ಹೋದ ಎರಡನೇ ವಿಕೆಟ್‌ಕೀಪರ್ ಇದ್ದ ಹಾಗೆ. ಜಾಗ ಒಂದೇ, ಆ ಜಾಗದಲ್ಲಿ ಇನ್ನೊಬ್ಬ ನಿಂತಿದ್ದಾನೆ, ಅವನಿಗೆ ಪೆಟ್ಟಾಗುವ ತನಕ ನಿನಗೆ ಕೆಲಸವಿಲ್ಲ. ಪೆಟ್ಟಾದರೆ ಮಾತ್ರ ಮರುನಿಮಿಷದಲ್ಲಿ ಇಡೀ ತಂಡ ನಿನ್ನ ಕೈಯಲ್ಲಿ. ಸೀಸನ್ ಶುರುವಾದ ಮೇಲೆ ವಾರದ ಅಭ್ಯಾಸದಲ್ಲಿ ತಂಡದ ಸ್ವಂತ ಆಟಗಳನ್ನು ಆಡಿ ನೋಡುವ ಅವಕಾಶ ಹೆಚ್ಚುಕಡಿಮೆ ಪೂರ್ತಿ ಮೊದಲನೆಯವನಿಗೇ ಹೋಗುತ್ತದೆ. ಎರಡನೆಯವನು ಕಣ್ಣಲ್ಲಿ ನೋಡಿ ಕಲಿಯಬೇಕು, ರಾತ್ರಿ ವಿಡಿಯೊ ಹಾಕಿಕೊಂಡು ಕಲಿಯಬೇಕು, ದಪ್ಪ ಪ್ಲೇಬುಕ್ಕನ್ನು ಬಾಯಿಪಾಠ ಮಾಡಬೇಕು. ಅದರ ಜೊತೆಗೆ ಹೊರಗಿನವರಿಗೆ ಕಾಣದ ಒಂದು ಕೆಲಸ ಅವನ ಪಾಲಿಗೆ ಬರುತ್ತದೆ: ಬರುವ ಭಾನುವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ವೇಷ ಹಾಕುವುದು. ಆ ಎದುರಾಳಿ ಹೇಗೆ ನಿಲ್ಲುತ್ತಾನೆ, ಹೇಗೆ ಕೂಗುತ್ತಾನೆ, ಯಾವ ಕಡೆ ಓಡುತ್ತಾನೆ ಎಂಬುದನ್ನು ಅನುಕರಿಸಿ ತನ್ನದೇ ತಂಡದ ಡಿಫೆನ್ಸ್‌ಗೆ ಅಭ್ಯಾಸ ಮಾಡಿಸಬೇಕು. ಚಪ್ಪಾಳೆ ಇಲ್ಲದ ಕೆಲಸ ಇದು. ಹಿಂದಿನ ರಾತ್ರಿ ಕುಡಿದು ಬಂದವನು ಇದನ್ನು ಅರೆಮನಸ್ಸಿನಿಂದ ಮಾಡಿದರೆ ಭಾನುವಾರ ಮೈದಾನದಲ್ಲಿ ದಂಡ ತೆರುವವರು ಹನ್ನೊಂದು ಜನ ಡಿಫೆನ್ಸ್ ಆಟಗಾರರು. ನೀವು ಬೈಯುವುದೂ ಅವರನ್ನೇ.

ಆ ಕುರ್ಚಿಯಲ್ಲಿ ಎಂಥವರು ಕೂರಬೇಕೆಂದು ನಾವು ಫಿಲಡೆಲ್ಫಿಯಾದವರು ಕಣ್ಣಾರೆ ನೋಡಿದ್ದೇವೆ. 2017ರ ಡಿಸೆಂಬರಿನಲ್ಲಿ ಕಾರ್ಸನ್ ವೆಂಟ್ಜ್ ಮಂಡಿ ಮುರಿದುಕೊಂಡಾಗ ಊರಿಗೆ ಊರೇ ಸೂತಕದ ಮನೆಯಾಗಿತ್ತು. ಆಗ ಬಂದವನು ನಿಕ್ ಫೋಲ್ಸ್. ಅದರ ಹಿಂದಿನ ವರ್ಷ ಆಟವನ್ನೇ ಬಿಟ್ಟುಬಿಡೋಣ ಎಂದುಕೊಂಡಿದ್ದ ಸಾಧು ಮನುಷ್ಯ. 2018ರ ಫೆಬ್ರವರಿ 4ರಂದು ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ತಂಡವನ್ನು 41-33ರಿಂದ ಸೋಲಿಸಿ ಈಗಲ್ಸ್‌ಗೆ ಮೊದಲ ಸೂಪರ್ ಬೌಲ್ ತಂದುಕೊಟ್ಟದ್ದು ಅವನು. ಇದರ ಉಲ್ಟಾ ದೃಶ್ಯವೂ ನಮ್ಮೂರ ಮೈದಾನದಲ್ಲೇ ನಡೆಯಿತು. 2023ರ ಜನವರಿಯಲ್ಲಿ ಎನ್‌ಎಫ್‌ಸಿ ಫೈನಲ್‌ಗೆ ಬಂದ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಬ್ರಾಕ್ ಪರ್ಡಿಗೆ ಮೊದಲ ಸರದಿಯಲ್ಲೇ ಮೊಣಕೈ ಕೆಟ್ಟಿತು, ಬದಲಿಗೆ ಬಂದ ಜಾಷ್ ಜಾನ್ಸನ್ ತಲೆಗೆ ಪೆಟ್ಟಾಗಿ ಹೊರನಡೆದ, ಕೊನೆಗೆ ಚೆಂಡು ಎಸೆಯಲಾಗದ ಪರ್ಡಿಯೇ ವಾಪಸ್ ಬಂದು ನಿಲ್ಲಬೇಕಾಯಿತು. ನಾವು 31-7ರಿಂದ ಗೆದ್ದೆವು. ಖುಷಿಪಟ್ಟೆವು ಕೂಡ, ನಮ್ಮೂರ ಅಭಿಮಾನಿಗಳು 1968ರಲ್ಲಿ ಸಾಂಟಾ ಕ್ಲಾಸ್ ವೇಷಧಾರಿಗೆ ಹಿಮದ ಉಂಡೆ ಹೊಡೆದವರು, ನಮ್ಮಿಂದ ಹೆಚ್ಚಿನ ದಯೆ ನಿರೀಕ್ಷಿಸಬೇಡಿ. ಆ ಪಂದ್ಯದ ನಂತರ ಲೀಗ್ ತನ್ನ ನಿಯಮವನ್ನೇ ಬದಲಿಸಿ, ತುರ್ತಿಗೆ ಮೂರನೇ ಕ್ವಾರ್ಟರ್‌ಬ್ಯಾಕ್‌ಗೆ ಅವಕಾಶ ಮಾಡಿಕೊಟ್ಟಿತು.

ಇಷ್ಟು ಹೇಳಿದ್ದು ಯಾಕೆಂದರೆ, ಸಿಡಿಲಿನಂಥ ಆಟಗಾರನಿಗೆ ಆ ಕುರ್ಚಿ ಹೇಳಿಮಾಡಿಸಿದ್ದಲ್ಲ. ಯಾರೂ ನೋಡದಿದ್ದಾಗಲೂ ಹೊತ್ತಿಗೆ ಸರಿಯಾಗಿ ಎದ್ದು ಬರುವವನ ಕುರ್ಚಿ ಅದು. ಬದುಕು ಅಸ್ತವ್ಯಸ್ತವಾದ ಮನುಷ್ಯನನ್ನು ‘ಸುಮ್ಮನೆ ಅಲ್ಲಿ ಕೂರಿಸೋಣ’ ಎನ್ನುವಾಗ ಅವನಿಗೆ ಅತಿ ಕಷ್ಟದ ಕೆಲಸವನ್ನೇ ಕೊಡುತ್ತಿರುತ್ತೇವೆ.

ಡಲ್ಲಾಸ್ ಕಡೆಯ ಗೆಳೆಯರಿಗೆ ಜಾನಿ ಮಾನ್‌ಜೆಲ್ ನೆನಪಿರಲೇಬೇಕು. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಆಡುತ್ತಾ, 2012ರಲ್ಲಿ, ಆ ಮಟ್ಟದ ಆಟದ ತನ್ನ ಮೊದಲ ವರ್ಷದಲ್ಲೇ ಹೈಸ್‌ಮನ್ ಟ್ರೋಫಿ ಗೆದ್ದ ಹುಡುಗ. ಹಾಗೆ ಗೆದ್ದವರಲ್ಲಿ ಮೊದಲಿಗ. 2014ರ ಡ್ರಾಫ್ಟ್‌ನಲ್ಲಿ ಕೌಬಾಯ್ಸ್ ಮಾಲೀಕ ಜೆರ್ರಿ ಜೋನ್ಸ್‌ಗೆ ಅವನ ಮೇಲೆ ಕಣ್ಣಿತ್ತು. ಸುತ್ತಲಿನವರು ತಡೆದು ಜ್ಯಾಕ್ ಮಾರ್ಟಿನ್ ಎಂಬ ಲೈನ್‌ಮನ್‌ನನ್ನು ಆರಿಸುವಂತೆ ಮಾಡಿದರು. ಮಾನ್‌ಜೆಲ್ 22ನೆಯವನಾಗಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪಾಲಾದ, ಬ್ರಯಾನ್ ಹಾಯರ್ ಹಿಂದೆ ಬ್ಯಾಕಪ್ ಆಗಿ ಕೂತ. 2015ರ ಆರಂಭದಲ್ಲಿ ಚಿಕಿತ್ಸಾ ಕೇಂದ್ರ ಸೇರಿದ. ಅದೇ ವರ್ಷ ನವೆಂಬರಿನಲ್ಲಿ, ‘ಉಳಿದ ಸೀಸನ್‌ಗೆ ನೀನೇ’ ಎಂದು ಕೋಚ್ ಹೇಳಿದ ಒಂದೇ ವಾರದಲ್ಲಿ ಪಾರ್ಟಿಯ ವಿಡಿಯೊ ಹೊರಬಿದ್ದು ಮೂರನೇ ಸ್ಥಾನಕ್ಕೆ ಇಳಿದ. 2016ರ ಮಾರ್ಚ್‌ನಲ್ಲಿ ಬ್ರೌನ್ಸ್ ಕೈಬಿಟ್ಟಿತು.

ಅದೇ ಹೊತ್ತಿಗೆ ಡಲ್ಲಾಸ್‌ಗೆ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ನ ಹಸಿವು ಜೋರಾಗಿತ್ತು. 2015ರಲ್ಲಿ ಟೋನಿ ರೋಮೊ ಎರಡು ಸಲ ಕೊರಳೆಲುಬು ಮುರಿದುಕೊಂಡು, ಬದಲಿಗೆ ಬಂದ ಮೂವರಲ್ಲಿ ಯಾರೂ ಕೈಹಿಡಿಯದೆ, ತಂಡ 4-12ಕ್ಕೆ ಕುಸಿದಿತ್ತು. ಮಾನ್‌ಜೆಲ್ ಟೆಕ್ಸಸ್‌ನ ಹುಡುಗ, ಮನೆಮಗ, ಅಗ್ಗಕ್ಕೆ ಸಿಗುತ್ತಾನೆ. ‘ಕರ್ಕೊಂಡು ಬನ್ನಿ, ನೋಡೋಣ’ ಎಂಬ ಮಾತು ಬಾಯಿಂದ ಬಾಯಿಗೆ ಓಡಾಡಿತು. ಆ ಹೊತ್ತಿನಲ್ಲಿ ಅವನ ಮೇಲೆ ಗೆಳತಿಯ ಮೇಲಿನ ಹಲ್ಲೆಯ ಆರೋಪವಿತ್ತು (ಷರತ್ತುಗಳನ್ನು ಪೂರೈಸಿದ ಮೇಲೆ 2017ರಲ್ಲಿ ಮೊಕದ್ದಮೆ ಕೈಬಿಟ್ಟರು). ಮಗ ಉಳಿಯುತ್ತಾನೋ ಇಲ್ಲವೋ ಎಂದು ಹೆತ್ತ ತಂದೆಯೇ ಪತ್ರಿಕೆಯವರ ಮುಂದೆ ಆತಂಕ ತೋಡಿಕೊಂಡಿದ್ದರು. ಅಪ್ಪ ಮಗನ ಜೀವದ ಬಗ್ಗೆ ಮಾತಾಡುತ್ತಿದ್ದಾಗ ನಾವು ಅವನ ತೋಳಿನ ಬಗ್ಗೆ ಮಾತಾಡುತ್ತಿದ್ದೆವು.

ಕೌಬಾಯ್ಸ್ ಅವನನ್ನು ಕರೆಯಲಿಲ್ಲ. ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ, 135ನೆಯವನಾಗಿ, ಡ್ಯಾಕ್ ಪ್ರೆಸ್ಕಾಟ್ ಎಂಬುವವನನ್ನು ತಂದಿಟ್ಟುಕೊಂಡರು. ಆಗಸ್ಟ್‌ನಲ್ಲಿ ರೋಮೊ ಬೆನ್ನು ಮುರಿದುಕೊಂಡ. ಅದಕ್ಕೂ ಮೊದಲೇ ಎರಡನೆಯವನ ಕಾಲು ಮುರಿದಿತ್ತು. ಪ್ರೆಸ್ಕಾಟ್ ತಂಡವನ್ನು 13-3ಕ್ಕೆ ಒಯ್ದ. ಇವತ್ತು ಅವನ ಕಾಂಟ್ರಾಕ್ಟ್ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರಿನದು. ಇಲ್ಲಿಗೆ ಕಥೆ ನಿಲ್ಲಿಸಿದರೆ ‘ಒಳ್ಳೆ ಹುಡುಗನನ್ನು ಆರಿಸಿದರು, ಒಳ್ಳೆಯದಾಯಿತು’ ಎಂಬ ಮಕ್ಕಳ ಪಾಠವಾಗುತ್ತದೆ. ಆದರೆ ಆ ಡ್ರಾಫ್ಟ್‌ಗೆ ತಿಂಗಳೊಂದು ಚಿಲ್ಲರೆ ಮುಂಚೆ ಪ್ರೆಸ್ಕಾಟ್‌ನನ್ನೂ ಕುಡಿದು ಗಾಡಿ ಓಡಿಸಿದ ಆರೋಪದ ಮೇಲೆ ಮಿಸಿಸಿಪ್ಪಿಯ ಪೊಲೀಸರು ಹಿಡಿದಿದ್ದರು. ಜುಲೈನಲ್ಲಿ ಕೋರ್ಟು ನಿರ್ದೋಷಿ ಎಂದಿತು. ಡ್ರಾಫ್ಟ್‌ನ ದಿನ ಆ ತೀರ್ಪು ಯಾರ ಕೈಯಲ್ಲೂ ಇರಲಿಲ್ಲ. ಒಂದು ಆರೋಪದ ಸುದ್ದಿ ಓದಿ ಮನುಷ್ಯನನ್ನೇ ಗುಡಿಸಿಹಾಕುವ ಎರಡನೇ ಸೋಫಾದವರು ಈ ವಿಷಯ ನೆನಪಿಟ್ಟುಕೊಳ್ಳಬೇಕು.

ಮಾನ್‌ಜೆಲ್ ಮುಂದೆ ತನಗೆ ಬೈಪೋಲಾರ್ ಕಾಯಿಲೆ ಇದೆಯೆಂದು ತಾನೇ ಹೇಳಿಕೊಂಡ. 2018ರಲ್ಲಿ ಕೆನಡಾದ ಲೀಗ್‌ನಲ್ಲಿ ಸ್ವಲ್ಪ ಕಾಲ ಆಡಿದ. ಎನ್‌ಎಫ್‌ಎಲ್‌ಗೆ ಮತ್ತೆ ಬರಲೇ ಇಲ್ಲ. ಕಾಯಿಲೆಯಿಂದ ತನಗೇ ಕೆಡುಕು ಮಾಡಿಕೊಳ್ಳುವವನು, ಇನ್ನೊಬ್ಬರಿಗೆ ಕೆಡುಕು ಮಾಡಿದವನು, ಇಬ್ಬರನ್ನೂ ನಾವು ‘ತಲೆನೋವಿನ ಗಿರಾಕಿ’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಮಾನ್‌ಜೆಲ್‌ನಂತೆ ಒಬ್ಬನಲ್ಲೇ ಎರಡೂ ಇರುವುದುಂಟು, ಆದರೂ ಬಿಡಿಸಿ ನೋಡಲೇಬೇಕು. ಮೊದಲಿನದಕ್ಕೆ ಬೇಕಾದದ್ದು ಡಾಕ್ಟರು, ಮನೆಯವರು ಮತ್ತು ಸಮಯ. ಕೈತುಂಬ ಹಣ, ಬೇಕಾದಷ್ಟು ಬಿಡುವು, ಭಾನುವಾರಕ್ಕೊಮ್ಮೆ ಕ್ಯಾಮೆರಾ, ಜವಾಬ್ದಾರಿ ಮಾತ್ರ ಅರೆಬರೆ ಇರುವ ಬೆಂಚು ಅಂಥವನಿಗೆ ಔಷಧವಂತೂ ಅಲ್ಲ. ಅವನನ್ನು ಕರೆದುಕೊಳ್ಳದಿರುವುದೇ ದಯೆಯಾಗುವ ಸಂದರ್ಭಗಳಿವೆ. ಎರಡನೆಯದು ಬೇರೆ ಲೆಕ್ಕ, ಅದಕ್ಕೆ ನಮ್ಮೂರಿನ ಕಥೆಯನ್ನೇ ಬಿಚ್ಚಬೇಕು.

ಮೈಕಲ್ ವಿಕ್. 2001ರ ಡ್ರಾಫ್ಟ್‌ನ ಮೊದಲ ಆಯ್ಕೆ, ಎಡಗೈಯ ಎಸೆತ, ಜಿಂಕೆಯ ಓಟ. 2004ರ ಕೊನೆಯಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಅವನಿಗೆ ಹತ್ತು ವರ್ಷಕ್ಕೆ 13 ಕೋಟಿ ಡಾಲರಿನ ಕಾಂಟ್ರಾಕ್ಟ್ ಕೊಟ್ಟಿತು. 2006ರಲ್ಲಿ ಒಂದೇ ಸೀಸನ್‌ನಲ್ಲಿ ಸಾವಿರ ಗಜ ಓಡಿದ ಮೊದಲ ಕ್ವಾರ್ಟರ್‌ಬ್ಯಾಕ್ ಆದ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಸರ್ರಿ ಕೌಂಟಿಯಲ್ಲಿದ್ದ ಅವನ ಜಮೀನಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಸಿಕ್ಕಿದ್ದು ನಾಯಿಗಳ ಜಗಳಕ್ಕೆಂದೇ ಕಟ್ಟಿದ ಅಡ್ಡೆ, ಐವತ್ತರಷ್ಟು ಪಿಟ್‌ಬುಲ್ ನಾಯಿಗಳು. ಸರಿಯಾಗಿ ಕಾದಾಡದ ನಾಯಿಗಳನ್ನು ನೇಣು ಹಾಕಿ, ನೀರಿನಲ್ಲಿ ಮುಳುಗಿಸಿ ಕೊಂದದ್ದು ಹೊರಬಂತು. ವಿಕ್ ತಂಡದ ಮಾಲೀಕರಿಗೂ ಲೀಗ್ ಕಮಿಷನರ್‌ಗೂ ಮೊದಲು ಸುಳ್ಳೇ ಹೇಳಿದ. ಜೊತೆಗಿದ್ದವರು ಒಬ್ಬೊಬ್ಬರಾಗಿ ತಪ್ಪೊಪ್ಪಿಕೊಂಡ ಮೇಲೆ ತಾನೂ ಒಪ್ಪಿಕೊಂಡ. ಡಿಸೆಂಬರಿನಲ್ಲಿ 23 ತಿಂಗಳ ಶಿಕ್ಷೆಯಾಗಿ ಕಾನ್ಸಾಸ್‌ನ ಲೆವೆನ್‌ವರ್ತ್ ಜೈಲು ಸೇರಿದ. 2008ರಲ್ಲಿ ದಿವಾಳಿ ಅರ್ಜಿ ಹಾಕಿದ. 2009ರಲ್ಲಿ ಹೊರಬಂದಾಗ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಗಂಟೆಗೆ 10 ಡಾಲರಿನ ಕೆಲಸ.

ಆಗಸ್ಟ್ 13ರಂದು ಈಗಲ್ಸ್ ಅವನನ್ನು ಕರೆದುಕೊಂಡಾಗ ಊರು ಎರಡಾಯಿತು. ನಾಯಿ ಸಾಕಿದವರ ಮನೆಗಳಲ್ಲಿ ಸೀಸನ್ ಟಿಕೆಟ್ ಹರಿದುಹಾಕುವ ಮಾತು. ನಮ್ಮವರ ಮನೆಗಳಲ್ಲೂ ಇಲ್ಲಿ ಹುಟ್ಟಿದ ಮಕ್ಕಳು ಅಪ್ಪನ ಮುಖ ನೋಡಿ, ‘ಅವನು ನಾಯಿ ಕೊಂದವನಲ್ವಾ, ನಮ್ಮ ಟೀಮಿಗೆ ಯಾಕೆ?’ ಎಂದು ಕೇಳಿದರು. ಮನೆಯ ನಾಯಿ ಬೆರ್ರಿಯನ್ನೋ ಕೂಪರನ್ನೋ ಮಡಿಲಲ್ಲಿಟ್ಟುಕೊಂಡು ಕೇಳುವ ಮಗುವಿಗೆ ‘ಅವನ ಓಟ ನೋಡು’ ಎಂದು ಉತ್ತರ ಹೇಳಲು ಬರುವುದಿಲ್ಲ.

ಆದರೆ ಆ ದಿನದ ಕಾಗದಪತ್ರಗಳನ್ನು ಈಗ ತಿರುವಿ ನೋಡಿದರೆ ಈಗಲ್ಸ್ ಏನನ್ನು ಕೊಂಡಿತು, ಏನನ್ನು ಕೊಳ್ಳಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮೊದಲ ವರ್ಷಕ್ಕೆ 16 ಲಕ್ಷ ಡಾಲರ್. ಎರಡನೇ ವರ್ಷ ಬೇಕೆನಿಸಿದರೆ ಮಾತ್ರ 52 ಲಕ್ಷ, ಬೇಡವೆಂದರೆ ಬಿಡಬಹುದು. ಅವನು ಶಿಕ್ಷೆ ಅನುಭವಿಸಿ ಬಂದಿದ್ದ. ತನಿಖೆಯ ನಡುವೆಯೋ ರಾಜಿ ಮಾತುಕತೆಯ ನಡುವೆಯೋ ಕೊಂಡದ್ದಲ್ಲ. ಡೊನೊವನ್ ಮೆಕ್‌ನ್ಯಾಬ್ ಮೊದಲನೆಯವನು, ಕೆವಿನ್ ಕೋಲ್ಬ್ ಎರಡನೆಯವನು, ವಿಕ್ ಮೂರನೆಯವನು. ಜೈಲಿಗೇ ಹೋಗಿ ಅವನನ್ನು ಕಂಡು ಬಂದಿದ್ದ ಹಿರಿಯ ಕೋಚ್ ಟೋನಿ ಡಂಗಿ ಮಾರ್ಗದರ್ಶಕರಾಗಿ ನಿಂತರು. ಕೋಚ್ ಆಂಡಿ ರೀಡ್ ಅವರ ಇಬ್ಬರು ಗಂಡುಮಕ್ಕಳು ಮಾದಕವಸ್ತುವಿನ ಪ್ರಕರಣಗಳಲ್ಲಿ 2007ರಲ್ಲಿ ಜೈಲು ಕಂಡಿದ್ದರು. ಜೈಲಿನ ಭೇಟಿ ಕೊಠಡಿಯ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಅವರಿಗೆ ಗೊತ್ತಿತ್ತು. ಪ್ರಾಣಿಗಳ ಪರವಾಗಿ ಹೊರಗೆ ನಿಂತು ಕೆಲಸ ಮಾಡಬೇಕು ಎಂಬುದು ಮಾಲೀಕ ಜೆಫ್ರಿ ಲೂರಿ ಇಟ್ಟ ಷರತ್ತು. ಹ್ಯೂಮೇನ್ ಸೊಸೈಟಿಯ ಜೊತೆ ಶಾಲೆ ಶಾಲೆಗೆ, ಕೇರಿ ಕೇರಿಗೆ ಹೋಗಿ ನಾಯಿಜಗಳದ ವಿರುದ್ಧ ಮಾತಾಡುವ ಕೆಲಸ ಶುರುವಾಯಿತು.

ಇನ್ನೊಂದು ಸಂಗತಿ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಅದನ್ನು ಈಗಲ್ಸ್ ಮಾಡಿದ್ದಲ್ಲ, ಕೋರ್ಟು ಮಾಡಿದ್ದು. ಆ ನಾಯಿಗಳ ಆರೈಕೆಗೆ ವಿಕ್ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕಟ್ಟಬೇಕೆಂದು ಆದೇಶವಾಯಿತು. ಜಗಳದ ನಾಯಿಗಳೆಂದರೆ ಸೂಜಿಮದ್ದು ಕೊಟ್ಟು ಮುಗಿಸುವುದೇ ಅಲ್ಲಿಯವರೆಗಿನ ವಾಡಿಕೆಯಾಗಿತ್ತು. ಈ ಸಲ ರೆಬೆಕಾ ಹಸ್ ಎಂಬ ಕಾನೂನು ಪ್ರಾಧ್ಯಾಪಕಿಯನ್ನು ನಾಯಿಗಳ ಪಾಲಕಿಯಾಗಿ ನೇಮಿಸಿ, ಒಂದೊಂದು ನಾಯಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಬಹುಪಾಲು ಬದುಕಿದವು. 22 ನಾಯಿಗಳು ಯೂಟಾ ರಾಜ್ಯದ ಬೆಸ್ಟ್ ಫ್ರೆಂಡ್ಸ್ ಆಶ್ರಯಧಾಮಕ್ಕೆ ಹೋದವು. ಹಲವು ಮುಂದೆ ಮನೆಗಳ ಸೋಫಾ ಸೇರಿದವು. ಅಂದರೆ 2009ರ ಆಗಸ್ಟ್‌ನಲ್ಲಿ ವಿಕ್ ನಮ್ಮೂರಿಗೆ ಬರುವಾಗ, ಅವನಿಂದ ನೊಂದು ಉಳಿದ ಜೀವಗಳಿಗೆ ಒಬ್ಬ ಪಾಲಕಿ, ಒಂದಿಷ್ಟು ಹಣ, ಒಂದು ನೆಲೆ ಆಗಲೇ ಸಿಕ್ಕಿತ್ತು. ಸತ್ತವು ಸತ್ತವು, ಅವಕ್ಕೆ ಯಾವ ಲೆಕ್ಕವೂ ಇಲ್ಲ.

ಆಟದ ಮಾತಿಗೆ ಬಂದರೆ, ಆ ವರ್ಷ ವಿಕ್ ಹೆಚ್ಚುಕಡಿಮೆ ಏನೂ ಮಾಡಲಿಲ್ಲ. ಇಡೀ ಸೀಸನ್‌ನಲ್ಲಿ ಎಸೆದದ್ದು 13 ಚೆಂಡು, ಓಡಿದ್ದು 95 ಗಜ. ಕಾಲು ಭಾರವಾಗಿತ್ತು, ಹೊಟ್ಟೆ ಬಂದಿತ್ತು. ‘ಇದಕ್ಕಾಗಿ ಇಷ್ಟೆಲ್ಲ ರಂಪವೇ’ ಎಂದು ನಮ್ಮಲ್ಲೇ ಅನೇಕರು ಮೂಗು ಮುರಿದರು. ವರ್ಷದ ಕೊನೆಯಲ್ಲಿ ಜೊತೆಯ ಆಟಗಾರರು ಮತ ಹಾಕಿ ಎಡ್ ಬ್ಲಾಕ್ ಧೈರ್ಯ ಪ್ರಶಸ್ತಿಗೆ ಅವನನ್ನು ಆರಿಸಿದಾಗ ಇನ್ನೊಂದು ಸುತ್ತಿನ ಕೂಗಾಟ. ನನ್ನ ಮಟ್ಟಿಗೆ ಹೇಳುವುದಾದರೆ, ಕರೆದುಕೊಂಡದ್ದು ಸರಿಯೋ ತಪ್ಪೋ ಎಂದು ತೂಗಬೇಕಾದದ್ದು ಈ 2009ರ ವಿಕ್‌ನನ್ನೇ, ಬೆರಳೆಣಿಕೆಯ ಟಚ್‌ಡೌನ್‌ಗಳ ವಿಕ್‌ನನ್ನು. ಆ ವರ್ಷವಿಡೀ ಅವನು ಹೊತ್ತಿಗೆ ಬಂದ, ಎದುರಾಳಿಗಳ ವೇಷ ಹಾಕಿದ, ಸಂಬಳದ ದೊಡ್ಡ ಪಾಲನ್ನು ಸಾಲ ಕೊಟ್ಟವರಿಗೆ ಕಟ್ಟಿದ.

ಮುಂದಿನ ಭಾಗ ನಿಮಗೆಲ್ಲ ಗೊತ್ತು. ಅದಕ್ಕೆ ಮೊದಲು ಒಂದು ಘಟನೆ ನಡೆಯಿತು, ಅದನ್ನು ಮಾತ್ರ ಯಾರೂ ನೆನೆಯುವುದಿಲ್ಲ. 2010ರ ಜೂನ್‌ನಲ್ಲಿ ವಿಕ್ ತನ್ನ ಮೂವತ್ತನೇ ಹುಟ್ಟುಹಬ್ಬವನ್ನು ವರ್ಜೀನಿಯಾ ಬೀಚ್‌ನಲ್ಲಿ ಗದ್ದಲವಾಗಿ ಆಚರಿಸಿದ. ಹೊರಗೆ ಗುಂಡು ಹಾರಿತು. ಪೆಟ್ಟು ತಿಂದವನು ಹಳೆಯ ನಾಯಿಜಗಳ ಪ್ರಕರಣದ ಸಹ ಆರೋಪಿ. ವಿಕ್ ಮೇಲೆ ಯಾವ ಕೇಸೂ ಆಗಲಿಲ್ಲ. ಆದರೆ ದೂರವಿರಬೇಕಾಗಿದ್ದ ಸಹವಾಸ ಮತ್ತೆ ಪಕ್ಕದಲ್ಲೇ ಬಂದು ನಿಂತಿತ್ತು. ಆ ವಾರ ಈಗಲ್ಸ್ ಅವನನ್ನು ಕೈಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕಾಂಟ್ರಾಕ್ಟನ್ನು ಹಾಗೆ ಬರೆದುಕೊಂಡದ್ದೇ ಅಂಥ ವಾರಕ್ಕಾಗಿ. ವಿಚಾರಣೆ ಮುಗಿಯುವವರೆಗೆ ಕಾದು ಉಳಿಸಿಕೊಂಡರು. ಎರಡನೇ ಅವಕಾಶ ಎಂದು ನಾವು ಸಲೀಸಾಗಿ ಹೇಳುವುದು ನಿಜದಲ್ಲಿ ಹೀಗೆ ನಡೆಯುತ್ತದೆ: ಕೊಟ್ಟ ದಿನ ಮುಗಿಯುವುದಿಲ್ಲ, ತಿಂಗಳು ತಿಂಗಳು ಯಾರಾದರೂ ಕೂತು ಮತ್ತೆ ಕೊಡಬೇಕಾಗುತ್ತದೆ.

2010ರ ಸೆಪ್ಟೆಂಬರಿನಲ್ಲಿ ಗ್ರೀನ್ ಬೇ ವಿರುದ್ಧ ಮೊದಲ ಪಂದ್ಯದಲ್ಲೇ ಕೋಲ್ಬ್ ತಲೆಗೆ ಪೆಟ್ಟಾಯಿತು. ವಿಕ್ ಒಳಬಂದ, ಆ ಜಾಗ ಅವನದೇ ಆಯಿತು. ನವೆಂಬರ್ 15ರ ಸೋಮವಾರ ರಾತ್ರಿ ವಾಷಿಂಗ್ಟನ್ ಎದುರು 59-28: ನಾಲ್ಕು ಟಚ್‌ಡೌನ್ ಎಸೆದ, ಎರಡು ಓಡಿ ಗಳಿಸಿದ. ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತಲ್ಲ? ಡೊನೊವನ್ ಮೆಕ್‌ನ್ಯಾಬ್. ವಿಕ್‌ನನ್ನು ಕರೆದುಕೊಳ್ಳಿ ಎಂದು ರೀಡ್ ಹತ್ತಿರ ಹೋಗಿ ಶಿಫಾರಸು ಮಾಡಿದವನು. ಅದಾಗಿ ಎಂಟೇ ತಿಂಗಳಲ್ಲಿ ಅವನನ್ನೇ ತಂಡ ವಾಷಿಂಗ್ಟನ್‌ಗೆ ಮಾರಿತ್ತು. ಇನ್ನೊಬ್ಬನಿಗೆ ಅವಕಾಶ ಕೊಡಿ ಎಂದವನು ತನ್ನ ಜಾಗ ಕಳೆದುಕೊಂಡು, ಆ ಇನ್ನೊಬ್ಬನ ಕೈಯಲ್ಲೇ ದೇಶವೆಲ್ಲ ನೋಡುತ್ತಿರುವಾಗ ಸೋತ. ಯಾವ ಪುರಾಣದಲ್ಲಾದರೂ ಇದಕ್ಕೊಂದು ವರ ಸಿಗುತ್ತಿತ್ತು. ಎನ್‌ಎಫ್‌ಎಲ್‌ನಲ್ಲಿ ಸಿಗಲಿಲ್ಲ.

ಆ ಡಿಸೆಂಬರಿನಲ್ಲಿ ಅಧ್ಯಕ್ಷ ಒಬಾಮಾ ಲೂರಿ ಅವರಿಗೆ ಫೋನ್ ಮಾಡಿದಾಗ, ವಿಕ್‌ಗೆ ಅವಕಾಶ ಕೊಟ್ಟದ್ದನ್ನು ಮೆಚ್ಚಿಕೊಂಡರು. 2011ರಲ್ಲಿ ಆರು ವರ್ಷಕ್ಕೆ 10 ಕೋಟಿ ಡಾಲರಿನ ಕಾಂಟ್ರಾಕ್ಟ್ ಬಂತು. ಆ ಹೊತ್ತಿಗೆ ನಮ್ಮ ಎರಡನೇ ಸೋಫಾ ಖಾಲಿ. ಜೆರ್ಸಿ ಸುಡುತ್ತೇವೆ ಎಂದವರೇ ಏಳನೇ ನಂಬರಿನ ಹಸಿರು ಜೆರ್ಸಿ ತೊಟ್ಟಿದ್ದರು. ನನ್ನ ನಿಜವಾದ ಬೇಸರ ಇಲ್ಲಿದೆ. 2009ರಲ್ಲಿ ‘ಅಂಥವನು ಬೇಡ’ ಎಂದ ಮನುಷ್ಯ 2010ರಲ್ಲೂ ಬೇಡ ಎಂದಿದ್ದರೆ ಅವನ ಮುಂದೆ ನಾನು ತಲೆತಗ್ಗಿಸಿ ವಾದ ಮಾಡುತ್ತಿದ್ದೆ. ಟಚ್‌ಡೌನ್ ಎಣಿಸಿ ಕ್ಷಮಿಸಿದವರ ಹತ್ತಿರ ವಾದಕ್ಕೇನಿದೆ? ವಿಕ್ ಪಶ್ಚಾತ್ತಾಪ ಪಟ್ಟನೋ ಇಲ್ಲವೋ ಎಂಬುದಕ್ಕೂ ವಾಷಿಂಗ್ಟನ್ ವಿರುದ್ಧ ಆರು ಟಚ್‌ಡೌನ್ ಬಂದದ್ದಕ್ಕೂ ಸಂಬಂಧವೇ ಇಲ್ಲ. 2015ರಲ್ಲಿ ಪಿಟ್ಸ್‌ಬರ್ಗ್ ಅವನನ್ನು ಬ್ಯಾಕಪ್ ಆಗಿ ಕರೆದುಕೊಂಡಾಗ, ಜೈಲಿನಿಂದ ಹೊರಬಂದು ಆರು ವರ್ಷವಾದ ಮೇಲೂ, ಅಲ್ಲಿನ ಸಾವಿರಾರು ಜನ ವಿರೋಧಿಸಿ ಸಹಿ ಹಾಕಿದರು. ನಾನು ಅವರ ಮಾತನ್ನು ಒಪ್ಪುವುದಿಲ್ಲ. ಆದರೂ ಸ್ಟೀಲರ್ಸ್ ಭಕ್ತರ ಬಗ್ಗೆ ಜೀವನದಲ್ಲಿ ಒಂದು ಒಳ್ಳೆಯ ಮಾತು ಹೇಳಬೇಕಾಗಿ ಬಂದರೆ ಇದನ್ನೇ ಹೇಳುತ್ತೇನೆ: ಅವರು ಸ್ಕೋರ್ ನೋಡಿ ಸಿಟ್ಟು ಇಳಿಸಿಕೊಂಡವರಲ್ಲ.

‘ಹಾಗಾದರೆ ಎಲ್ಲರಿಗೂ ಇದೇ ದಾರಿ’ ಎನ್ನುವ ಮುನ್ನ ಕ್ಲೀವ್‌ಲ್ಯಾಂಡ್ ಕಡೆ ನೋಡಿ. 2022ರ ಮಾರ್ಚ್‌ನಲ್ಲಿ ಬ್ರೌನ್ಸ್ ಡೆಶಾನ್ ವಾಟ್ಸನ್‌ಗೆ ಐದು ವರ್ಷಕ್ಕೆ 23 ಕೋಟಿ ಡಾಲರ್ ಕೊಟ್ಟಿತು, ಒಂದೊಂದು ಡಾಲರೂ ಗ್ಯಾರಂಟಿ. ಮಸಾಜ್ ಕೆಲಸದ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ಸಿವಿಲ್ ದಾವೆ ಹೂಡಿದ್ದರು. ಆತ ಆರೋಪಗಳನ್ನು ನಿರಾಕರಿಸಿದ. ಟೆಕ್ಸಸ್‌ನ ಎರಡು ಗ್ರ್ಯಾಂಡ್ ಜ್ಯೂರಿಗಳು ಕ್ರಿಮಿನಲ್ ಆರೋಪ ಹೊರಿಸಲಿಲ್ಲ. ದಾವೆಗಳಲ್ಲಿ ಬಹುತೇಕ ಗುಟ್ಟಿನ ರಾಜಿಯಲ್ಲಿ ಮುಗಿದವು. ಲೀಗ್ 11 ಪಂದ್ಯಗಳ ನಿಷೇಧ, 50 ಲಕ್ಷ ಡಾಲರ್ ದಂಡ ಹಾಕಿತು. ಆತ ಬ್ಯಾಕಪ್ ಆಗಿ ಬಂದವನಲ್ಲ, ಸಿಂಹಾಸನಕ್ಕೇ ಬಂದವನು. ಮೇಲಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲೆಕ್ಕ ಇನ್ನೂ ತೆರೆದಿರುವಾಗಲೇ ಕೊಂಡರು. ತಪ್ಪು ನಡೆದರೆ ಕೈಬಿಡುವ ದಾರಿಯನ್ನು ತಾವೇ ಮುಚ್ಚಿಕೊಂಡರು. ವರ್ಜೀನಿಯಾದ ನಾಯಿಗಳಿಗೆ ಕೋರ್ಟು ಒಬ್ಬ ಪಾಲಕಿಯನ್ನು ನೇಮಿಸಿತ್ತು. ಆ ಮಹಿಳೆಯರ ಪಾಲಿಗೆ ಸಿಕ್ಕಿದ್ದು ಬಾಯಿಬಿಡಬಾರದೆಂಬ ಕಾಗದ. ಬ್ರೌನ್ಸ್ ಸೇರಿದ ಮೇಲಿನ ಮೊದಲ ಮೂರು ಸೀಸನ್‌ಗಳಲ್ಲಿ ವಾಟ್ಸನ್ ಆರಂಭಿಸಿದ್ದು 19 ಪಂದ್ಯ. 2023ರಲ್ಲಿ ಆ ತಂಡವನ್ನು ಪ್ಲೇಆಫ್‌ಗೆ ಎಳೆದುಕೊಂಡು ಹೋದದ್ದು ನವೆಂಬರಿನಲ್ಲಿ ಮನೆಯಿಂದ ಕರೆಸಿಕೊಂಡ, 38 ವರ್ಷದ, ಹೈಲೈಟ್ಸ್‌ನಲ್ಲಿ ಆಕಳಿಕೆ ಬರಿಸುವ ಜೋ ಫ್ಲಾಕೊ.

ಇನ್ನೊಬ್ಬನ ಹೆಸರು ಬಿಟ್ಟರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಕಾಲಿನ್ ಕೇಪರ್‌ನಿಕ್ ಯಾರನ್ನೂ ಹೊಡೆದಿರಲಿಲ್ಲ, ಯಾವ ನಾಯಿಯನ್ನೂ ಕೊಂದಿರಲಿಲ್ಲ. 2016ರಲ್ಲಿ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ವಿರೋಧಿಸಿ ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದ. 2017ರ ಮಾರ್ಚ್‌ನಿಂದ ಅವನಿಗೆ ಯಾವ ತಂಡವೂ ಬೆಂಚಿನ ಮೇಲೂ ಜಾಗ ಕೊಡಲಿಲ್ಲ. ಸೂಪರ್ ಬೌಲ್ ಆಡಿದವನಿಗೆ! ‘ಬ್ಯಾಕಪ್ ಎಂದರೆ ಗಮನ ಬೇರೆಡೆ ಸೆಳೆಯಬಾರದು’ ಎಂದು ಆಗ ತಂಡಗಳ ಪರವಾಗಿ ಮಾತಾಡಿದವರಿದ್ದರು. ‘ತಲೆನೋವು’ ಎಂದು ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವರು ಮಾಲೀಕರು. ಆ ಪಟ್ಟಿಯನ್ನು ನಾವು ಕಣ್ಣುಮುಚ್ಚಿ ಒಪ್ಪಬಾರದು. ವಿಕ್‌ನನ್ನು ತೂಗಿದ ತಕ್ಕಡಿಯಲ್ಲಿ ಕೇಪರ್‌ನಿಕ್‌ನನ್ನು ಯಾರೂ ತೂಗಲೇ ಇಲ್ಲ, ಅಂಗಡಿ ಬಾಗಿಲಲ್ಲೇ ನಿಲ್ಲಿಸಿದರು.

ಹಾಗಾಗಿ ಮುಂದಿನ ಸಲ ಅಂಥ ಹೆಸರೊಂದು ಬಂದಾಗ, ಗೆಳೆಯರೇ, ಯೂಟ್ಯೂಬ್‌ನಲ್ಲಿ ಅವನ ಕಾಲೇಜು ದಿನಗಳ ಓಟ ಹುಡುಕುವ ಮುನ್ನ ಕಾಂಟ್ರಾಕ್ಟ್ ಹುಡುಕಿ. ಎಷ್ಟು ಗ್ಯಾರಂಟಿ, ಎಷ್ಟು ವರ್ಷ, ನಾಳೆ ಬೆಳಿಗ್ಗೆ ಕೈಬಿಡಲು ಬರುತ್ತದೆಯೇ ನೋಡಿ. ಅವನಿಂದ ನೊಂದವರು ಯಾರು, ಅವರ ಪಾಲಿನದು ಅವರಿಗೆ ಸಿಕ್ಕಿದೆಯೇ ಕೇಳಿ. ಉತ್ತರ ‘ಗೊತ್ತಿಲ್ಲ’ ಎಂದಾದರೆ ಕಾಯುವುದರಿಂದ ಯಾವ ತಂಡವೂ ಮುಳುಗುವುದಿಲ್ಲ. ತಂಡದಲ್ಲಿ ಅವನ ಹೊಣೆ ಹೊರುವ ಒಬ್ಬ ಮನುಷ್ಯನ ಹೆಸರು ಹೇಳಲು ಬರುತ್ತದೆಯೇ ನೋಡಿ. ‘ನಮ್ಮ ಸಂಸ್ಕೃತಿ ಅವನನ್ನು ಸರಿಮಾಡುತ್ತದೆ’ ಎಂದು ಮ್ಯಾನೇಜರ್ ಹೇಳಿದರೆ, ಅಂಥ ಹೆಸರು ಅವರ ಹತ್ತಿರ ಇಲ್ಲವೆಂದೇ ತಿಳಿಯಿರಿ. ಮನಸ್ಸಿನ ಕಾಯಿಲೆಯ, ಕುಡಿತದ ಮಾತಾದರೆ ಅವನ ಡಾಕ್ಟರು ಹೂಂ ಎಂದ ಮೇಲೆ ಕೋಚ್ ಹೂಂ ಎನ್ನಲಿ. ಇಷ್ಟೆಲ್ಲ ಸರಿಯಿದ್ದರೆ ಕರೆದುಕೊಳ್ಳಲಿ, ಮೂರನೆಯವನಾಗಿ ಕೂರಿಸಲಿ, ವರ್ಷವೊಂದು ಎದುರಾಳಿಯ ವೇಷ ಹಾಕಲಿ. ಇದಕ್ಕೆ ಒಪ್ಪದವನು ನಮಗೆ ಬೇಡ, ಅವನ ತೋಳು ಎಂಥದ್ದೇ ಆಗಿರಲಿ.

ಮತ್ತು ದಯವಿಟ್ಟು, ಒಮ್ಮೆ ಬೇಡವೆಂದ ಮೇಲೆ ಮೂರು ಟಚ್‌ಡೌನ್ ನೋಡಿ ಸೋಫಾ ಬದಲಿಸಬೇಡಿ. ಎರಡನೇ ಸೋಫಾದಲ್ಲಿ ಜನರಿಲ್ಲದಿದ್ದರೆ ನನಗೆ ಭಾನುವಾರ ಜಗಳವಾಡಲು ಯಾರೂ ಸಿಗುವುದಿಲ್ಲ. ವಿಕ್ ಈಗ ವರ್ಜೀನಿಯಾದ ನಾರ್ಫೋಕ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಮುಖ್ಯ ಕೋಚ್. 2024ರ ಡಿಸೆಂಬರಿನಲ್ಲಿ ಕೆಲಸ ಸಿಕ್ಕಿತು. ಯಾವ ಹುಡುಗನನ್ನು ತಂಡಕ್ಕೆ ಸೇರಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ತೀರ್ಮಾನ ಈಗ ಅವನ ಮೇಜಿನ ಮೇಲೇ ಬಂದು ಕೂರುತ್ತದೆ. ಅವನು ಏನು ಮಾಡುತ್ತಾನೆ ಎಂಬುದನ್ನು ನಮ್ಮ ಮುಂದಿನ ಜಗಳಕ್ಕೆ ಇಟ್ಟುಕೊಳ್ಳೋಣ. ಚಕ್ಕುಲಿ ನಾನು ತರುತ್ತೇನೆ.

ಇಂತಿ,
ಫಿಲಡೆಲ್ಫಿಯಾ ಕಡೆಯ ಒಬ್ಬ ಈಗಲ್ಸ್ ಅಭಿಮಾನಿ